ಸುಡುವಿಕೆಯ ಹೊಗೆ ಮತ್ತು ಸ್ಥಳೀಯ ಆಡಳಿತ

ತರಗೆಲೆ, ಬೀದಿಯ ಕಸ, ಸೌದೆ, ಕಲ್ಲಿದ್ದಲು, ಹೊಲದ ಕೂಳೆ ಮೊದಲಾದವನ್ನು ಬಯಲಿನಲ್ಲೋ ಒಲೆಯಲ್ಲೋ ಉರಿಸಿದಾಗ ಏಳುವ ಹೊಗೆಯನ್ನು ಹತೋಟಿಗೆ ತರುವುದು ಬಹುಮಟ್ಟಿಗೆ ಸ್ಥಳೀಯ ಆಡಳಿತದ ಕೆಲಸ. ಕಾರ್ಖಾನೆಯ ಹೊಗೆಗೆ ಒಂದು ಚಿಮಣಿ, ಒಬ್ಬ ಮಾಲೀಕ, ಒಂದು ಪರವಾನಗಿ ಇರುತ್ತವೆ. ವಾಹನದ ಹೊಗೆಗೆ ನೋಂದಣಿ ಸಂಖ್ಯೆ ಇರುತ್ತದೆ. ಸುಡುವಿಕೆಯ ಹೊಗೆಗೆ ಇಂಥ ವಿಳಾಸವಿಲ್ಲ. ಕಡ್ಡಿ ಗೀರಿದವರು ಹೊಗೆ ದಟ್ಟವಾಗುವ ಹೊತ್ತಿಗೆ ಅಲ್ಲಿರುವುದಿಲ್ಲ. ಇದ್ದರೂ ಅದು ತಮ್ಮ ದಿನದ ಕೆಲಸದ ಭಾಗವೆಂದೇ ನಂಬಿರುತ್ತಾರೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ಜಿಲ್ಲೆಯ ಕಾರ್ಖಾನೆಗಳನ್ನು ಸುತ್ತಿ ಬರಬಹುದು. ಬೆಳಗಿನ ಆರು ಗಂಟೆಗೆ ಅಡ್ಡರಸ್ತೆಯ ತಿರುವಿನಲ್ಲಿ ಹೊತ್ತಿಕೊಂಡ ಎಲೆಗುಡ್ಡೆಯ ಬಳಿಗೆ ಹೊತ್ತಿಗೆ ಸರಿಯಾಗಿ ತಲುಪಬಲ್ಲವರು ವಾರ್ಡಿನವರು ಮಾತ್ರ.

ನಗರಪಾಲಿಕೆ, ಪುರಸಭೆ, ಗ್ರಾಮ ಪಂಚಾಯಿತಿಗಳು ಈ ಕೆಲಸಕ್ಕೆ ಬಳಸಿರುವ ಉಪಾಯಗಳು ಹಲವು: ಸುಡುವುದನ್ನೇ ನಿಷೇಧಿಸಿ ದಂಡ ಹಾಕುವುದು, ಹೊಗೆಯುಗುಳುವ ಇಂಧನದ ಮಾರಾಟ ತಡೆಯುವುದು, ಗಾಳಿ ನಿಂತ ದಿನಗಳಲ್ಲಷ್ಟೇ ಒಲೆ ಹಚ್ಚದಂತೆ ಕಟ್ಟು ಹಾಕುವುದು, ಹಳೆಯ ಒಲೆ ಬದಲಿಸಲು ಹಣ ಕೊಡುವುದು, ಸುಡಬೇಕಾದದ್ದನ್ನು ಸುಡುವ ಮೊದಲೇ ಎತ್ತಿಕೊಂಡು ಹೋಗುವುದು. ಇವುಗಳಲ್ಲಿ ನಿಷೇಧ ಎಲ್ಲಕ್ಕಿಂತ ಹಳೆಯದು, ಹೊರಡಿಸಲು ಎಲ್ಲಕ್ಕಿಂತ ಸುಲಭವಾದದ್ದು. ಒಂಟಿಯಾಗಿ ಬಳಸಿದಾಗ ಎಲ್ಲಕ್ಕಿಂತ ಕಡಿಮೆ ಫಲ ಕೊಟ್ಟದ್ದೂ ಅದೇ. ಬೆಂಕಿ ಹಚ್ಚುವುದು ಜನಕ್ಕೆ ಗೊತ್ತಿರುವ ಅತಿ ಅಗ್ಗದ ವಿಲೇವಾರಿ. ಒಂದು ಕಡ್ಡಿ ಸಾಕು. ಅದಕ್ಕೆ ಪೈಪೋಟಿ ಕೊಡುವಷ್ಟು ಅಗ್ಗವಾದ, ಅಷ್ಟೇ ಬೇಗ ಆಗುವ ಬೇರೊಂದು ದಾರಿ ಎಲ್ಲಿ ಇದೆಯೋ ಅಲ್ಲಿ ಮಾತ್ರ ನಿಷೇಧ ನಿಂತಿದೆ.

ಹೊಗೆಯ ಸ್ವರೂಪ

ಹೊಗೆ ಎಂದರೆ ಅರೆಬರೆ ಸುಟ್ಟ ಇಂಧನ. ಎಲೆಯಾಗಲಿ ಸೌದೆಯಾಗಲಿ ಪೂರ್ತಿ ಉರಿದರೆ ಉಳಿಯುವುದು ಇಂಗಾಲದ ಡೈಆಕ್ಸೈಡ್, ನೀರಾವಿ, ಬೂದಿ. ರಾಶಿ ಹಾಕಿದ ಎಲೆಯ ಒಳಕ್ಕೆ ಗಾಳಿ ಹೋಗುವುದಿಲ್ಲ, ತಳದಲ್ಲಿ ಇಬ್ಬನಿಯ ತೇವ ಇರುತ್ತದೆ, ಶಾಖದ ಬಹುಪಾಲು ಆ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಜ್ವಾಲೆ ಏಳದೆ ಗಂಟೆಗಟ್ಟಲೆ ಹೊಗೆಯಾಡುವ ಇಂಥ ರಾಶಿಯಿಂದ 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳು (ತಲೆಗೂದಲಿನ ದಪ್ಪ ಇದರ ಇಪ್ಪತ್ತು ಮೂವತ್ತು ಪಟ್ಟು), ಇಂಗಾಲದ ಮೊನಾಕ್ಸೈಡ್, ಬೆಂಜೀನ್, ಫಾರ್ಮಾಲ್ಡಿಹೈಡ್, ಕ್ಯಾನ್ಸರ್‌ಕಾರಕವಾದ ಬೆಂಜೊಪೈರೀನ್ ಹೊರಬೀಳುತ್ತವೆ. ಸಣ್ಣ ಕಣಗಳು ಮೂಗು ಗಂಟಲುಗಳ ಸೋಸುವಿಕೆಯನ್ನು ದಾಟಿ ಶ್ವಾಸಕೋಶದ ಗಾಳಿಚೀಲಗಳವರೆಗೆ ಇಳಿಯುತ್ತವೆ. ರಾಶಿಯಲ್ಲಿ ಹಾಲಿನ ಕವರು, ಪಿವಿಸಿ ಕೊಳವೆಯ ಚೂರು, ವೈರಿನ ಸಿಪ್ಪೆ ಸೇರಿದ್ದರೆ ಲೆಕ್ಕ ಬೇರೆಯಾಗುತ್ತದೆ: ಪಿವಿಸಿಯ ಕ್ಲೋರಿನ್ ಕಡಿಮೆ ಶಾಖದ ಬೆಂಕಿಯಲ್ಲಿ ಡಯಾಕ್ಸಿನ್‌ಗಳಾಗಿ ಮಾರ್ಪಡುತ್ತದೆ. ಇವು ಕೊಬ್ಬಿನಲ್ಲಿ ಕರಗಿ ವರ್ಷಗಟ್ಟಲೆ ದೇಹದಲ್ಲಿ ಉಳಿಯುವ ವಿಷಗಳು.

ಒಟ್ಟು ತೂಕದಲ್ಲಿ ಈ ಹೊಗೆ ಕಾರ್ಖಾನೆಯದಕ್ಕಿಂತ ಕಡಿಮೆ ಇರಬಹುದು, ಆದರೆ ಅದು ಏಳುವುದು ಮೂಗಿನ ಎತ್ತರದಲ್ಲಿ, ಅದೂ ಕೆಟ್ಟ ಹೊತ್ತಿನಲ್ಲಿ. ಚಳಿಗಾಲದ ರಾತ್ರಿ ನೆಲ ಬೇಗ ತಣಿದು, ಅದಕ್ಕೆ ತಾಗಿದ ಗಾಳಿ ತಂಪಾಗಿ ಭಾರವಾಗಿ ಕೆಳಗೇ ಕೂರುತ್ತದೆ. ಮೇಲಿನ ಬೆಚ್ಚನೆಯ ಪದರ ಅದರ ಮೇಲೆ ಮುಚ್ಚಳದಂತೆ ನಿಲ್ಲುತ್ತದೆ. ಇದಕ್ಕೆ ಉಷ್ಣತಾ ವಿಲೋಮ ಎನ್ನುತ್ತಾರೆ. ಬಿಸಿಲೇರಿ ಈ ಮುಚ್ಚಳ ತೆರೆಯುವವರೆಗೆ ಬೆಳಗಿನ ಹೊಗೆ ಬೀದಿಯಲ್ಲೇ ಸುಳಿದಾಡುತ್ತದೆ. ಬೀದಿ ಗುಡಿಸುವುದು, ಚಳಿ ಕಾಯಿಸುವುದು, ಶಾಲೆಗೆ ಮಕ್ಕಳು ಹೊರಡುವುದು ಎಲ್ಲವೂ ಆ ಹೊತ್ತಿನಲ್ಲೇ. ಸಣ್ಣ ಕಣಗಳಿಗೆ ಭಾರತ 2009ರಲ್ಲಿ ನಿಗದಿ ಮಾಡಿದ ವಾರ್ಷಿಕ ಸರಾಸರಿ ಮಿತಿ ಪ್ರತಿ ಘನಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಮಾರ್ಗಸೂಚಿಯನ್ನು 5ಕ್ಕೆ ಇಳಿಸಿತು.

ಲಂಡನ್, ಡಬ್ಲಿನ್ ಮತ್ತು ಅನಂತರ

ಒಂದನೆಯ ಎಡ್ವರ್ಡ್ ದೊರೆ 14ನೆಯ ಶತಮಾನದ ಆರಂಭದಲ್ಲೇ ಲಂಡನ್ನಿನಲ್ಲಿ ಕಲ್ಲಿದ್ದಲು ಉರಿಸುವುದನ್ನು ನಿಷೇಧಿಸಿದ್ದ. ಸೌದೆ ದುಬಾರಿಯಾಗಿತ್ತು, ಕಲ್ಲಿದ್ದಲು ಅಗ್ಗವಾಗಿತ್ತು. ಆಜ್ಞೆ ಕಾಗದದಲ್ಲೇ ಉಳಿಯಿತು. ಜಾನ್ ಎವ್ಲಿನ್ 1661ರಲ್ಲಿ ಲಂಡನ್ನಿನ ಹೊಗೆಯ ಮೇಲೆ ಪುಸ್ತಿಕೆಯೊಂದನ್ನು ಬರೆದು ಎರಡನೆಯ ಚಾರ್ಲ್ಸ್‌ಗೆ ಅರ್ಪಿಸಿದ. ಅದರಿಂದಲೂ ಏನೂ ಆಗಲಿಲ್ಲ. ಆದದ್ದು 1952ರ ಡಿಸೆಂಬರ್ 5ರಿಂದ 9ರವರೆಗೆ ನಗರದ ಮೇಲೆ ಕವಿದ ಹೊಗೆಮಂಜಿನಿಂದ. ಸತ್ತವರು ಸುಮಾರು 4,000 ಎಂದು ಮೊದಲು ಅಂದಾಜಾಯಿತು. ಮುಂದಿನ ತಿಂಗಳುಗಳ ಸಾವುಗಳನ್ನೂ ಸೇರಿಸಿದ ಇತ್ತೀಚಿನ ಅಂದಾಜು 12,000ದ ಹತ್ತಿರ.

ಇದರ ಫಲವಾಗಿ ಬಂದ 1956ರ ಶುದ್ಧ ಗಾಳಿ ಕಾಯಿದೆ ಸ್ಥಳೀಯ ಆಡಳಿತದ ದೃಷ್ಟಿಯಿಂದ ಇಂದಿಗೂ ಗಮನಾರ್ಹವಾದದ್ದು. ಅದು ದೇಶಕ್ಕೆಲ್ಲ ಒಂದೇ ದಿನ ನಿಷೇಧ ಹೇರಲಿಲ್ಲ. ಪ್ರತಿ ಪುರಸಭೆಯೂ ತನ್ನ ವ್ಯಾಪ್ತಿಯಲ್ಲಿ ಬೀದಿ ಬೀದಿಯಾಗಿ ‘ಹೊಗೆ ನಿಯಂತ್ರಣ ಪ್ರದೇಶ’ ಗುರುತಿಸಬಹುದಿತ್ತು. ಅಲ್ಲಿ ಹೊಗೆಯಿಲ್ಲದ ಅಧಿಕೃತ ಇಂಧನವನ್ನಷ್ಟೇ ಉರಿಸಬೇಕು, ಇಲ್ಲವೇ ಒಲೆ ಬದಲಿಸಬೇಕು. ಬದಲಿಸುವ ಖರ್ಚಿನ ಹತ್ತರಲ್ಲಿ ಏಳು ಪಾಲನ್ನು ಪುರಸಭೆ ಮತ್ತು ಕೇಂದ್ರ ಖಜಾನೆ ಸೇರಿ ಭರಿಸುತ್ತಿದ್ದವು. ಮ್ಯಾಂಚೆಸ್ಟರ್ ನಗರ ಇದಕ್ಕೂ ಹತ್ತು ವರ್ಷ ಮೊದಲೇ, 1946ರಲ್ಲಿ, ಇಂಥ ಅಧಿಕಾರವನ್ನು ತನಗಾಗಿ ಪಡೆದುಕೊಂಡಿತ್ತು. ಎಲ್ಲ ಊರುಗಳೂ ಒಂದೇ ವೇಗದಲ್ಲಿ ನಡೆಯಲಿಲ್ಲ. ಗಣಿಯೂರುಗಳಲ್ಲಿ ಕಾರ್ಮಿಕರಿಗೆ ಕೂಲಿಯ ಜೊತೆ ರಿಯಾಯಿತಿ ಕಲ್ಲಿದ್ದಲೂ ಬರುತ್ತಿದ್ದುದರಿಂದ ಅಲ್ಲಿನ ಪುರಸಭೆಗಳು ವರ್ಷಗಟ್ಟಲೆ ಮೀನಮೇಷ ಎಣಿಸಿದವು. ಮುಂದೆ ಉತ್ತರ ಸಮುದ್ರದ ನೈಸರ್ಗಿಕ ಅನಿಲ ಕೊಳವೆಯಲ್ಲಿ ಮನೆಗೆ ಬಂದದ್ದೂ ಲಂಡನ್ನಿನ ಗಾಳಿ ತಿಳಿಯಾಗಲು ಕಾರಣ. ಕಾಯಿದೆಯ ಕೀರ್ತಿಯಲ್ಲಿ ಅನಿಲಕ್ಕೂ ಪಾಲು ಸಲ್ಲಬೇಕು.

ಡಬ್ಲಿನ್ ಹಿಡಿದ ದಾರಿ ಬೇರೆ. 1990ರ ಸೆಪ್ಟೆಂಬರ್ 1ರಿಂದ ಆ ನಗರದಲ್ಲಿ ಬಿಟುಮಿನಸ್ ಕಲ್ಲಿದ್ದಲಿನ ಮಾರಾಟವೇ ನಿಂತಿತು. ಸಾವಿರಾರು ಮನೆಗಳ ಅಗ್ಗಿಷ್ಟಿಕೆ ಇಣುಕಿ ನೋಡುವ ಬದಲು ಕೆಲವೇ ಡಿಪೋಗಳ ಮೇಲೆ ಕಣ್ಣಿಟ್ಟರೆ ಸಾಕಾಯಿತು. ಕರಿಹೊಗೆಯ ಸರಾಸರಿ ಪ್ರಮಾಣ ಸುಮಾರು ಶೇ. 70ರಷ್ಟು ಇಳಿಯಿತು. ಹೃದ್ರೋಗದ ಸಾವುಗಳೂ ಇಳಿದವೆಂದು 2002ರ ಅಧ್ಯಯನ ಹೇಳಿತ್ತು. ಹತ್ತು ವರ್ಷಗಳ ಮೇಲೆ ಅದೇ ಲೆಕ್ಕವನ್ನು ನಿಷೇಧವಿಲ್ಲದ ಊರುಗಳ ಜೊತೆ ಹೋಲಿಸಿ ಮತ್ತೆ ಮಾಡಿದಾಗ ಶ್ವಾಸಕೋಶದ ಕಾಯಿಲೆಯ ಸಾವುಗಳ ಇಳಿಕೆ ದೃಢಪಟ್ಟಿತು, ಹೃದ್ರೋಗದ್ದು ದೃಢಪಡಲಿಲ್ಲ. ಐರ್ಲೆಂಡಿನ ಹೃದ್ರೋಗ ಹೇಗೂ ಆ ವರ್ಷಗಳಲ್ಲಿ ಎಲ್ಲೆಡೆ ಇಳಿಯುತ್ತಿತ್ತು. ಹೊಗೆ ಇಳಿದದ್ದರ ಬಗ್ಗೆ ಮಾತ್ರ ತಕರಾರಿಲ್ಲ. ಇಂಗ್ಲೆಂಡು ಕೂಡ 2021ರಲ್ಲಿ ಇದೇ ಜಾಡು ಹಿಡಿದು ಮನೆಬಳಕೆಯ ಕಲ್ಲಿದ್ದಲು ಚೀಲಗಳನ್ನೂ, ಸಣ್ಣ ಪ್ರಮಾಣದಲ್ಲಿ ಮಾರುವ ಹಸಿ ಸೌದೆಯನ್ನೂ ಅಂಗಡಿಯಿಂದ ತೆಗೆಸಿತು, ಶೇ. 20ಕ್ಕಿಂತ ಹೆಚ್ಚು ತೇವವಿದ್ದದ್ದು ಅಲ್ಲಿನ ಲೆಕ್ಕಕ್ಕೆ ಹಸಿ ಸೌದೆ.

ಒಲೆ ಬದಲಿಸಲು ಹಣ ಕೊಡುವ ಯೋಜನೆಗಳಲ್ಲಿ ಚೆನ್ನಾಗಿ ಅಳತೆಗೆ ಸಿಕ್ಕಿದ್ದು ಆಸ್ಟ್ರೇಲಿಯದ ಟಾಸ್ಮೇನಿಯಾ ದ್ವೀಪದ ಲಾನ್‌ಸೆಸ್ಟನ್ನಿನದು. ಊರು ಟಮಾರ್ ನದಿಯ ಕಣಿವೆಯಲ್ಲಿದೆ. ಚಳಿಗಾಲದ ರಾತ್ರಿ ಹೊಗೆಗೆ ಹೊರಗೆ ಹೋಗಲು ದಾರಿಯಿಲ್ಲ. 2001ರಿಂದ ಶುರುವಾದ ಯೋಜನೆಯಲ್ಲಿ ಸೌದೆಯ ಹೀಟರ್ ಬಿಟ್ಟು ವಿದ್ಯುತ್ತಿಗೆ ಹೋದವರಿಗೆ ಸಹಾಯಧನ ಸಿಕ್ಕಿತು. ಸೌದೆ ಹೀಟರ್ ಇರುವ ಮನೆಗಳ ಪಾಲು ಶೇ. 66ರಿಂದ 30ಕ್ಕೆ ಇಳಿಯಿತು, ಚಳಿಗಾಲದ ದಿನಗಳ ಧೂಳಿನ ಸರಾಸರಿ 44 ಮೈಕ್ರೋಗ್ರಾಂನಿಂದ 27ಕ್ಕೆ ಬಂತು. ಅಮೆರಿಕದ ಮೊಂಟಾನಾ ರಾಜ್ಯದ ಲಿಬ್ಬಿ ಎಂಬ ಸಣ್ಣ ಊರಿನಲ್ಲಿ 2005ರ ನಂತರ ಸುಮಾರು 1,100 ಹಳೆಯ ಒಲೆಗಳನ್ನು ಬದಲಿಸಲಾಯಿತು. ಪೋಲೆಂಡಿನ ಕ್ರಾಕೋವ್ ನಗರ ವರ್ಷಗಳ ಕಾಲ ಬಾಯ್ಲರ್ ಬದಲಾವಣೆಗೆ ಹಣ ಕೊಟ್ಟು, ಆಮೇಲೆ 2019ರ ಸೆಪ್ಟೆಂಬರ್ 1ರಿಂದ ಕಲ್ಲಿದ್ದಲು, ಸೌದೆ ಎರಡನ್ನೂ ಸಂಪೂರ್ಣ ನಿಷೇಧಿಸಿತು. ಮೊದಲು ಹಣ, ಆಮೇಲೆ ನಿಷೇಧ ಎಂಬ ಈ ಅನುಕ್ರಮವೇ ಅಲ್ಲಿನ ಯಶಸ್ಸಿನ ಗುಟ್ಟು. ಸಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಿನ ಕೌಂಟಿಗಳಲ್ಲಿ 2008ರಿಂದ ಇನ್ನೂ ಮೃದುವಾದ ನಿಯಮವೊಂದಿದೆ: ಗಾಳಿ ಕೆಡುವ ಮುನ್ಸೂಚನೆ ಇದ್ದ ದಿನ ಮಾತ್ರ ಅಗ್ಗಿಷ್ಟಿಕೆ ಹಚ್ಚುವಂತಿಲ್ಲ. ಅಗ್ಗಿಷ್ಟಿಕೆ ಅಲ್ಲಿ ಬಹುಪಾಲು ಮನೆಗಳಿಗೆ ಶೋಕಿ. ಅಡುಗೆಯೇ ಒಲೆಯ ಮೇಲೆ ಆಗುವ ಊರಿಗೆ ಈ ನಿಯಮ ಹೊಂದುವುದಿಲ್ಲ.

ಭಾರತದ ಕಾನೂನು ಚೌಕಟ್ಟು

1981ರ ವಾಯು (ಮಾಲಿನ್ಯ ತಡೆ ಮತ್ತು ನಿಯಂತ್ರಣ) ಅಧಿನಿಯಮದ 19ನೆಯ ಪ್ರಕರಣ, ಇಂಧನವಲ್ಲದ ಯಾವುದೇ ವಸ್ತುವನ್ನು ಸುಡುವುದನ್ನು ನಿಷೇಧಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಡುತ್ತದೆ; ಪಾಲಿಕೆಗಲ್ಲ. ಪಾಲಿಕೆಗಳ ಅಧಿಕಾರ ಬರುವುದು ಬೇರೆ ಕಡೆಯಿಂದ. ಸಂವಿಧಾನದ 74ನೆಯ ತಿದ್ದುಪಡಿಯ ಮೂಲಕ ಸೇರಿದ 12ನೆಯ ಅನುಸೂಚಿಯಲ್ಲಿ ನೈರ್ಮಲ್ಯ, ಘನತ್ಯಾಜ್ಯ ನಿರ್ವಹಣೆ, ಸ್ಮಶಾನ ಮತ್ತು ವಿದ್ಯುತ್ ಚಿತಾಗಾರಗಳು ನಗರಸಂಸ್ಥೆಗಳ ಪಟ್ಟಿಯಲ್ಲಿವೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸ ಉತ್ಪಾದಿಸುವವರು ಅದನ್ನು ಬೀದಿಗೆಸೆಯಬಾರದು, ಸುಡಬಾರದು, ಹೂಳಬಾರದು ಎಂದವು; ಉಪವಿಧಿ ರಚಿಸಿ ಸ್ಥಳದಲ್ಲೇ ದಂಡ ವಿಧಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗೆ ವಹಿಸಿದವು. ಅದೇ ನಿಯಮಗಳ ಇನ್ನೊಂದು ಸಾಲನ್ನು ಅಷ್ಟಾಗಿ ಯಾರೂ ಉಲ್ಲೇಖಿಸಲಿಲ್ಲ: ಬೀದಿ ಗುಡಿಸುವವರು ಎಲೆಗಳನ್ನು ಸುಡದೆ ಪ್ರತ್ಯೇಕವಾಗಿಟ್ಟು ಒಪ್ಪಿಸುವಂತೆ ಸ್ಥಳೀಯ ಸಂಸ್ಥೆಯೇ ನಿರ್ದೇಶನ ಕೊಡಬೇಕಿತ್ತು, ಉದ್ಯಾನದ ಎಲೆಯನ್ನು ಆದಷ್ಟೂ ಉದ್ಯಾನದಲ್ಲೇ ಗೊಬ್ಬರ ಮಾಡಬೇಕಿತ್ತು. ಅಂದರೆ ನಿಯಮ ರೂಪಿಸಿದವರಿಗೆ ಬೆಂಕಿ ಎಲ್ಲಿಂದ ಹೊರಡುತ್ತದೆಂದು ಗೊತ್ತಿತ್ತು.

ದಂಡದ ಮೊತ್ತವನ್ನು ಸ್ಪಷ್ಟಗೊಳಿಸಿದ್ದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಊರುಗಳ ಕಸದ ಸ್ಥಿತಿಯ ಬಗ್ಗೆ 1996ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಮುಂದೆ ನ್ಯಾಯಮಂಡಳಿಗೆ ವರ್ಗವಾಗಿ, 2016ರ ಡಿಸೆಂಬರ್ 22ರಂದು ತೀರ್ಪು ಬಂತು. ಬಯಲಿನಲ್ಲಿ ಕಸ ಸುಡುವುದು ದೇಶಾದ್ಯಂತ ನಿಷಿದ್ಧವಾಯಿತು; ಸಾಮಾನ್ಯ ಸುಡುವಿಕೆಗೆ 5,000 ರೂಪಾಯಿ, ದೊಡ್ಡ ಪ್ರಮಾಣದ್ದಕ್ಕೆ 25,000 ರೂಪಾಯಿ ಪರಿಹಾರ ವಸೂಲಿ ಮಾಡಲು ಆದೇಶವಾಯಿತು. 2019ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ನಗರಗಳು ಸೇರಿದವು.

ತರಗೆಲೆ ಮತ್ತು ಬೀದಿಯ ಕಸ

ಬೆಂಗಳೂರಿನ ಉದಾಹರಣೆ ಇಲ್ಲಿ ಎಲ್ಲಕ್ಕಿಂತ ಹೆಚ್ಚು ಕಲಿಸುತ್ತದೆ, ಏಕೆಂದರೆ ಅಲ್ಲಿ ಕಾನೂನಿನ ಕೊರತೆ ಯಾವತ್ತೂ ಇರಲಿಲ್ಲ. ಜನವರಿಯಿಂದ ಮಾರ್ಚ್‌ವರೆಗೆ ಮಳೆಮರ, ಹೊಂಗೆ, ಅರಳಿಗಳು ಎಲೆ ಉದುರಿಸುತ್ತವೆ. ಮನೆಮನೆಗೆ ಬರುವ ಆಟೋ ಟಿಪ್ಪರ್ ಒಯ್ಯುವುದು ಹಸಿ ಕಸ ಮತ್ತು ಒಣ ಕಸ; ರಸ್ತೆ ಗುಡಿಸಿದ ಎಲೆ ಸಾಮಾನ್ಯವಾಗಿ ಅದರ ಲೆಕ್ಕಕ್ಕೆ ಬರುವುದಿಲ್ಲ. ಪೌರಕಾರ್ಮಿಕ ಮಹಿಳೆ ಉದ್ದ ಹಿಡಿಯ ಪೊರಕೆಯಲ್ಲಿ ಗುಡಿಸಿ, ಹತ್ತು ಹೆಜ್ಜೆಗೊಂದರಂತೆ ಗುಡ್ಡೆ ಮಾಡಿ, ಗೋಣಿಚೀಲಕ್ಕೆ ತುಂಬಿ ತಳ್ಳುಗಾಡಿಗೆ ಹೇರುತ್ತಾಳೆ. ಗಾಡಿ ನಾಲ್ಕು ಚೀಲಕ್ಕೆ ತುಂಬುತ್ತದೆ. ಬೀದಿಯಲ್ಲಿ ಇನ್ನೂ ಹನ್ನೆರಡು ಚೀಲದ ಎಲೆ ಇರುತ್ತದೆ. ಲಾರಿ ಯಾವಾಗ ಬರುತ್ತದೋ ತಿಳಿಯದು. ಗಾಳಿ ಬೀಸಿದರೆ ಗುಡಿಸಿದ್ದೆಲ್ಲ ಮತ್ತೆ ರಸ್ತೆಗೆ. ಮೇಸ್ತ್ರಿ ಬಂದಾಗ ರಸ್ತೆ ಚೊಕ್ಕಟವಾಗಿರಬೇಕು. ಆ ಇಕ್ಕಟ್ಟಿನಲ್ಲಿ ಒಂದು ಕಡ್ಡಿ ಗೀರುವುದು ಅಪರಾಧಕ್ಕಿಂತ ಹೆಚ್ಚಾಗಿ ಸಾಗಾಟದ ಸಮಸ್ಯೆಗೆ ಸಿಕ್ಕ ಪರಿಹಾರ. ಹೊಗೆಯನ್ನು ಮೊದಲು ಕುಡಿಯುವವಳೂ ಅವಳೇ. 5,000 ರೂಪಾಯಿ ದಂಡದ ರಸೀತಿಯನ್ನು ಅವಳ ಕೈಗೆ ಕೊಡುವುದರಲ್ಲಿ ನ್ಯಾಯವೂ ಇಲ್ಲ, ಪ್ರಯೋಜನವೂ ಇಲ್ಲ.

ತೂಕವೇ ಅಳತೆಗೋಲಾದ ಗುತ್ತಿಗೆಯಲ್ಲಿ ಎಲೆಗೆ ಬೆಲೆಯಿಲ್ಲ. ಒಣಎಲೆ ಹಗುರ, ಜಾಗ ಮಾತ್ರ ಬಹಳ ತಿನ್ನುತ್ತದೆ. ಲಾರಿ ತುಂಬಿದರೂ ವೇಬ್ರಿಡ್ಜಿನ ಮೇಲೆ ಏನೂ ತೂಗುವುದಿಲ್ಲ. ಆದ್ದರಿಂದ ಪಾಲಿಕೆಗಿರುವ ಮೊದಲ ಆಯ್ಕೆ ಗುತ್ತಿಗೆಯ ಷರತ್ತುಗಳಲ್ಲೇ ಇದೆ: ಎಲೆ ಉದುರುವ ತಿಂಗಳುಗಳಿಗೆ ಪ್ರತ್ಯೇಕ ಗಾಡಿ, ತೂಕದ ಬದಲು ಟ್ರಿಪ್ಪಿನ ಲೆಕ್ಕ, ಎಲೆ ಪುಡಿ ಮಾಡುವ ಯಂತ್ರ. ಎರಡನೆಯದು ಎಲೆಯನ್ನು ದೂರ ಸಾಗಿಸದೇ ಇರುವುದು. ಉದ್ಯಾನದ ಮೂಲೆಯಲ್ಲೋ ಅಗಲವಾದ ಕಾಲುದಾರಿಯಲ್ಲೋ ತಂತಿ ಜಾಲರಿಯ ತೊಟ್ಟಿ ನಿಲ್ಲಿಸಿ, ಎಲೆ ತುಂಬಿ ತುಳಿದು, ಸಗಣಿ ನೀರನ್ನೋ ಹುಳಿ ಮಜ್ಜಿಗೆಯನ್ನೋ ಚಿಮುಕಿಸಿ, ತೇವ ಆರದಂತೆ ನೋಡಿಕೊಂಡರೆ ಕೆಲವು ತಿಂಗಳಲ್ಲಿ ಎದೆಮಟ್ಟದ ರಾಶಿ ಮೊಣಕಾಲಿಗಿಳಿದು ಕಪ್ಪು ಗೊಬ್ಬರವಾಗುತ್ತದೆ. ಎಚ್‌ಎಸ್‌ಆರ್ ಲೇಔಟ್, ಕೋರಮಂಗಲ ಮೊದಲಾದ ಬಡಾವಣೆಗಳಲ್ಲಿ ನಿವಾಸಿಗಳೇ ಇದನ್ನು ನಡೆಸಿ ತೋರಿಸಿದ್ದಾರೆ. ಇದರ ದೌರ್ಬಲ್ಯವೂ ಅಲ್ಲೇ ಇದೆ. ನೀರು ಹಾಕುವ ಆಸಕ್ತರು ಮನೆ ಬದಲಿಸಿದರೆ ತೊಟ್ಟಿ ಮತ್ತೆ ತಿಪ್ಪೆಯಾಗುತ್ತದೆ. ತೊಟ್ಟಿಯ ನಿರ್ವಹಣೆ ಯಾರಾದರೊಬ್ಬರ ಸಂಬಳದ ಕೆಲಸವಾಗದೆ ಅದು ಉಳಿಯುವುದಿಲ್ಲ.

ಬೆರಕೆ ಕಸದ ಬೆಂಕಿಗೆ ಮದ್ದು ವಿಂಗಡಣೆ. ಮಾವಳ್ಳಿಪುರ, ಮಂಡೂರುಗಳ ಜನ ಬೆಂಗಳೂರಿನ ಕಸದ ಲಾರಿಗಳನ್ನು ತಡೆದ 2012ರ ಬಿಕ್ಕಟ್ಟಿನ ನಂತರ ಹೈಕೋರ್ಟಿನ ಒತ್ತಾಸೆಯಿಂದ ಮೂಲದಲ್ಲೇ ವಿಂಗಡಣೆ ಕಡ್ಡಾಯವಾಯಿತು. ವಾರ್ಡುಗಳಲ್ಲಿ ಒಣಕಸ ಸಂಗ್ರಹ ಕೇಂದ್ರಗಳು ಬಂದವು, ಚಿಂದಿ ಆಯುತ್ತಿದ್ದವರಲ್ಲಿ ಹಲವರು ಅವುಗಳ ನಿರ್ವಾಹಕರಾದರು. ಪ್ಲಾಸ್ಟಿಕ್ಕಿಗೆ ಕೆ.ಜಿ.ಗೆ ಇಷ್ಟು ಎಂದು ಬೆಲೆ ಸಿಕ್ಕರೆ ಅದು ಬೆಂಕಿಗೆ ಬೀಳುವುದು ತಾನಾಗಿ ಕಡಿಮೆಯಾಗುತ್ತದೆ. ಉಳಿಯುವುದು ಬೆಲೆಯಿಲ್ಲದ್ದು: ಚಿಪ್ಸ್ ಪೊಟ್ಟಣ, ಥರ್ಮಾಕೋಲು, ಹರಿದ ಚಪ್ಪಲಿ, ರೆಕ್ಸಿನ್ ಚೂರು. ಖಾಲಿ ನಿವೇಶನಗಳ, ಜನ ಕಸ ಸುರಿಯುವ ಬ್ಲ್ಯಾಕ್‌ಸ್ಪಾಟ್‌ಗಳ ಬೆಂಕಿಯಲ್ಲಿ ಮುಖ್ಯವಾಗಿ ಉರಿಯುವುದು ಇವೇ. ನಿವೇಶನದ ಮಾಲೀಕನಿಗೆ ಬೇಲಿ ಹಾಕಿಸುವಂತೆ ನೋಟಿಸ್ ಕೊಡುವುದು, ಸ್ವಚ್ಛಗೊಳಿಸಿದ ಖರ್ಚನ್ನು ಆಸ್ತಿ ತೆರಿಗೆಗೆ ಸೇರಿಸುವುದು ಪಾಲಿಕೆಯ ಕೈಯಲ್ಲಿರುವ, ಆದರೆ ಅಪರೂಪಕ್ಕೆ ಬಳಕೆಯಾಗುವ ಅಸ್ತ್ರ. ನಗರದ ಹೊರವಲಯದ ಗ್ರಾಮ ಪಂಚಾಯಿತಿಗಳ ಪಾಡು ಇನ್ನೂ ಕಷ್ಟ. ಅಪಾರ್ಟ್‌ಮೆಂಟುಗಳು ಅಲ್ಲಿಗೆ ಮೊದಲು ಬರುತ್ತವೆ, ಕಸದ ಗಾಡಿ ಆಮೇಲೆ ಬರುತ್ತದೆ.

ಕಸದ ಬೆಟ್ಟಗಳ ಬೆಂಕಿಯನ್ನು ಯಾರೂ ಹಚ್ಚಬೇಕಾಗಿಲ್ಲ. ಒಳಗೆ ಕೊಳೆಯುವ ಹಸಿ ಕಸದಿಂದ ಮೀಥೇನ್ ಹುಟ್ಟುತ್ತದೆ, ಬೇಸಿಗೆಯಲ್ಲಿ ಒಂದು ಕಿಡಿ ಸಾಕು. ಕೊಚ್ಚಿಯ ಬ್ರಹ್ಮಪುರಂ ರಾಶಿ 2023ರ ಮಾರ್ಚ್ 2ರಂದು ಹೊತ್ತಿಕೊಂಡು ಸುಮಾರು ಹನ್ನೆರಡು ದಿನ ಉರಿಯಿತು. ಹಸಿರು ನ್ಯಾಯಮಂಡಳಿ ಅಲ್ಲಿನ ಪಾಲಿಕೆಗೆ 100 ಕೋಟಿ ರೂಪಾಯಿ ಪರಿಹಾರ ವಿಧಿಸಿತು. ಹಳೆಯ ಕಸವನ್ನು ಅಗೆದು ಜರಡಿ ಹಿಡಿದು ಮಣ್ಣು, ಪ್ಲಾಸ್ಟಿಕ್, ಕಲ್ಲುಗಳಾಗಿ ಬೇರ್ಪಡಿಸುವ ಬಯೋಮೈನಿಂಗ್, ಹೊಸ ಹಸಿ ಕಸ ಅಲ್ಲಿಗೆ ಹೋಗದಂತೆ ತಡೆಯುವುದು, ಇವೆರಡೂ ಒಟ್ಟಿಗೆ ನಡೆಯಬೇಕು. ಮೊದಲನೆಯದಕ್ಕೆ ಟೆಂಡರ್ ಸಾಕು. ಎರಡನೆಯದಕ್ಕೆ ಪ್ರತಿದಿನದ ಆಡಳಿತ ಬೇಕು.

ದಿಲ್ಲಿ ಪ್ರದೇಶದ ಚಳಿಗಾಲದ ಹಂತಹಂತದ ಕ್ರಿಯಾ ಯೋಜನೆಯಲ್ಲಿ ಸಣ್ಣದಾದರೂ ಸೂಕ್ಷ್ಮವಾದ ಒಂದು ಅಂಶವಿದೆ. ರಾತ್ರಿ ಪಾಳಿಯ ಕಾವಲುಗಾರರು ಚಳಿಗೆ ಕಸಕಡ್ಡಿ, ಟೈರು ಉರಿಸುವುದನ್ನು ತಪ್ಪಿಸಲು ನಿವಾಸಿ ಸಂಘಗಳೇ ಅವರಿಗೆ ವಿದ್ಯುತ್ ಹೀಟರ್ ಕೊಡಬೇಕು. ಬೆಂಕಿ ಏಕೆ ಹಚ್ಚುತ್ತಾರೆ ಎಂದು ಕೇಳಿದ ಮೇಲೆ ಬರೆದ ನಿಯಮ ಹೀಗಿರುತ್ತದೆ.

ಹೊಲದ ಕೂಳೆ

ಪಂಜಾಬ್, ಹರಿಯಾಣಗಳ ಕೂಳೆ ಸುಡುವಿಕೆಗೆ ನೀರಿನ ಕಾನೂನಿನ ನಂಟಿದೆ. ಅಂತರ್ಜಲ ಉಳಿಸಲೆಂದು 2009ರಲ್ಲಿ ಪಂಜಾಬ್ ಭತ್ತದ ನಾಟಿಯನ್ನು ಜೂನ್‌ವರೆಗೆ ತಡೆಹಿಡಿಯಿತು. ನಾಟಿ ತಡವಾದರೆ ಕೊಯ್ಲೂ ತಡ. ಗೋಧಿ ಬಿತ್ತಲು ಉಳಿಯುವುದು ಎರಡು ಮೂರು ವಾರ. ಕಂಬೈನ್ ಹಾರ್ವೆಸ್ಟರ್ ತೆನೆಯನ್ನಷ್ಟೇ ಕತ್ತರಿಸಿ ನೆಟ್ಟಗೆ ನಿಂತ ಕೂಳೆಯನ್ನೂ ಚೆಲ್ಲಿದ ಹುಲ್ಲನ್ನೂ ಬಿಟ್ಟು ಹೋಗುತ್ತದೆ. ಕೂಲಿ ಇಟ್ಟು ಅದನ್ನು ತೆಗೆಸಲು ಹೊತ್ತೂ ಇಲ್ಲ, ಹಣವೂ ಇಲ್ಲ. ಕೂಳೆಯ ನಡುವೆಯೇ ಗೋಧಿ ಬಿತ್ತುವ ಹ್ಯಾಪಿ ಸೀಡರ್‌ನಂಥ ಯಂತ್ರಗಳಿಗೆ 2018ರಿಂದ ಕೇಂದ್ರ ಸರ್ಕಾರ ರೈತರಿಗೆ ಶೇ. 50, ಬಾಡಿಗೆ ಕೇಂದ್ರಗಳಿಗೆ ಶೇ. 80 ಸಹಾಯಧನ ಕೊಟ್ಟಿತು. ಯಂತ್ರ ವರ್ಷದಲ್ಲಿ ಮೂರು ವಾರ ಕೆಲಸ ಮಾಡಿ ಉಳಿದ ದಿನ ಕೊಟ್ಟಿಗೆಯಲ್ಲಿರುತ್ತದೆ. ಎಲ್ಲರಿಗೂ ಅದು ಒಂದೇ ವಾರ ಬೇಕು. ಕೂಳೆ ಸುಟ್ಟವರ ದಂಡವನ್ನು 2024ರ ನವೆಂಬರಿನಲ್ಲಿ ಇಮ್ಮಡಿಗೊಳಿಸಿ ಎರಡು ಎಕರೆಗಿಂತ ಕಡಿಮೆ ಇದ್ದವರಿಗೆ 5,000, ಐದು ಎಕರೆ ಮೀರಿದವರಿಗೆ 30,000 ರೂಪಾಯಿ ಮಾಡಲಾಯಿತು.

ಸುಡದವರಿಗೆ ಹಣ ಕೊಡುವ ಉಪಾಯ ಸರಳವಾಗಿ ಕಾಣುತ್ತದೆ. ಸೀಮಾ ಜಯಚಂದ್ರನ್, ರೋಹಿಣಿ ಪಾಂಡೆ ಮುಂತಾದ ಅರ್ಥಶಾಸ್ತ್ರಜ್ಞರು ಪಂಜಾಬಿನ ಹಳ್ಳಿಗಳಲ್ಲಿ ಇದನ್ನು ಪರೀಕ್ಷಿಸಿದರು. ಹಂಗಾಮು ಮುಗಿದ ಮೇಲೆ, ಸುಟ್ಟಿಲ್ಲವೆಂದು ಖಾತ್ರಿಯಾದರೆ ಹಣ ಎಂದಾಗ ಸುಡುವಿಕೆ ತಗ್ಗಲೇ ಇಲ್ಲ. ಅದೇ ಮೊತ್ತದ ಒಂದು ಪಾಲನ್ನು ಮೊದಲೇ ಕೈಗಿತ್ತಾಗ ತಗ್ಗಿತು. ರೈತನಿಗೆ ಯಂತ್ರದ ಬಾಡಿಗೆ ಕೊಡಬೇಕಾದದ್ದು ಕೊಯ್ಲಿನ ಮರುದಿನ. ಸರ್ಕಾರ ಹಣ ಕೊಟ್ಟೇ ಕೊಡುತ್ತದೆಂಬ ನಂಬಿಕೆಯೂ ಅವನಿಗಿಲ್ಲ.

ಕರ್ನಾಟಕದಲ್ಲಿ ಭತ್ತದ ಹುಲ್ಲು ದನಕ್ಕೆ ಬೇಕಾದ ಮೇವು, ಬಣವೆ ಒಟ್ಟುವ ಪದಾರ್ಥ. ಸುಡುವ ಮಾತು ಹಿಂದೆ ಇರಲಿಲ್ಲ. ಹಾರ್ವೆಸ್ಟರ್ ಬಂದು ದನ ಕಡಿಮೆಯಾದ ಗಂಗಾವತಿ, ಸಿಂಧನೂರಿನ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಈಗ ಗದ್ದೆಗೆ ಬೆಂಕಿ ಬೀಳುತ್ತದೆ. ಇಲ್ಲಿ ಇನ್ನೂ ದೊಡ್ಡ ಬೆಂಕಿ ಕಬ್ಬಿನ ಗದ್ದೆಯದು. ಬೆಳಗಾವಿ, ಬಾಗಲಕೋಟೆ, ಮಂಡ್ಯ ಸೀಮೆಗಳಲ್ಲಿ ಕಟಾವಾದ ಮೇಲೆ ಉಳಿಯುವ ರವದಿಯನ್ನು ಸಾಲಿನಲ್ಲೇ ಹೊದಿಕೆಯಾಗಿ ಬಿಟ್ಟರೆ ತೇವ ಉಳಿಯುತ್ತದೆ, ಮಣ್ಣಿಗೆ ಸಾವಯವ ಅಂಶ ಸೇರುತ್ತದೆ. ಆದರೆ ನೀರು ಹಾಯಿಸಲು, ಕೂಳೆ ಬೆಳೆಗೆ ಗೊಬ್ಬರ ಹಾಕಲು ಅದು ಅಡ್ಡಿ ಎಂಬ ದೂರು ರೈತರದು. ರವದಿ ಕತ್ತರಿಸುವ ಯಂತ್ರ ಬಾಡಿಗೆಗೆ ಸಿಗುವಂತೆ ಮಾಡುವುದು ಪಂಚಾಯಿತಿ, ಸಹಕಾರ ಸಂಘ, ಸಕ್ಕರೆ ಕಾರ್ಖಾನೆಗಳು ಸೇರಿ ಮಾಡಬಹುದಾದ ಕೆಲಸ. ಬ್ರೆಜಿಲಿನ ಸಾವೊ ಪೌಲೊ ರಾಜ್ಯ ಕಬ್ಬಿನ ಬೆಂಕಿಯನ್ನು ಹಂತಹಂತವಾಗಿ ನಿಲ್ಲಿಸಲು 2002ರಲ್ಲಿ ಕಾಯಿದೆ ಮಾಡಿತು. 2007ರಲ್ಲಿ ಕಾರ್ಖಾನೆಗಳೊಡನೆ ಒಪ್ಪಂದ ಮಾಡಿಕೊಂಡು ಗಡುವನ್ನು ಹತ್ತಿರಕ್ಕೆ ತಂದಿತು. ಬೆಂಕಿ ನಿಂತಿತು, ಅದರ ಜೊತೆಗೇ ಕೈಯಿಂದ ಕಡಿಯುವ ಕೂಲಿಗಳ ಕೆಲಸವೂ ಹೋಗಿ ಯಂತ್ರಗಳು ಬಂದವು.

ಒಲೆ, ಹಂಡೆ, ಚಿತೆ

ಸೌದೆ ಒಲೆಯ ಹೊಗೆ ಅಡುಗೆಮನೆಯಲ್ಲಿ ಹುಟ್ಟಿ ಬೀದಿಗೆ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರ ರೂಪಿಸಿದ ‘ಅಸ್ತ್ರ ಒಲೆ’ ಕಡಿಮೆ ಸೌದೆಯಲ್ಲಿ ಉರಿದು, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳಿಸಿ ಅಡುಗೆಯವರ ಕಣ್ಣು ಉಳಿಸಿತು. 2016ರ ಉಜ್ವಲಾ ಯೋಜನೆಯಿಂದ ಅನಿಲದ ಸಂಪರ್ಕ ಹಳ್ಳಿಗಳಿಗೂ ಬಂತು; ಸಿಲಿಂಡರ್ ಮತ್ತೆ ತುಂಬಿಸುವ ಖರ್ಚಿನ ಬಹುಪಾಲು ಮಾತ್ರ ಮನೆಯವರದೇ. ಮಲೆನಾಡು, ಕರಾವಳಿಯ ಬಚ್ಚಲೊಲೆಯನ್ನು ಯಾವ ಯೋಜನೆಯೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅನಿಲದಲ್ಲಿ ಅಡುಗೆ ಮಾಡುವ ಮನೆಯಲ್ಲೂ ಹಂಡೆಯ ನೀರು ಕಾಯುವುದು ತೆಂಗಿನ ಗರಿ, ಚಿಪ್ಪು, ಅಡಿಕೆ ಸೋಗೆಯಿಂದ. ಅದೇ ಒಲೆಗೆ ಹಾಲಿನ ಕವರೂ ಹೋಗುತ್ತದೆ. ಹೊಸ ಮನೆಗಳಿಗೆ ಸೌರ ಜಲತಾಪಕ ಕಡ್ಡಾಯ ಮಾಡಿದ ಬೆಂಗಳೂರಿನ ನಿಯಮ ವಿದ್ಯುತ್ ಉಳಿಸಲೆಂದು ಬಂದದ್ದು. ಮಲೆನಾಡಿನಲ್ಲಿ ವರ್ಷದ ಅರ್ಧ ಮೋಡವಿರುವುದರಿಂದ ಅದನ್ನು ಅಲ್ಲಿಗೆ ಹಾಗೆಯೇ ಒಯ್ಯುವಂತಿಲ್ಲ. ಹಂಡೆಯೊಲೆಯನ್ನೇ ಸುಧಾರಿಸಿ, ಪ್ಲಾಸ್ಟಿಕ್ಕನ್ನು ಪಂಚಾಯಿತಿ ಎತ್ತಿಕೊಂಡು ಹೋಗುವುದು ಹೆಚ್ಚು ಕಾರ್ಯಸಾಧ್ಯ.

ಹೋಟೆಲಿನ ತಂದೂರಿ ಒಲೆ, ಬೇಕರಿ ಭಟ್ಟಿಗಳ ಮೇಲೆ ಪಾಲಿಕೆಗೆ ನೇರ ಹಿಡಿತವಿದೆ, ಏಕೆಂದರೆ ಉದ್ದಿಮೆ ಪರವಾನಗಿ ಕೊಡುವುದು ಅದೇ. ನವೀಕರಣದ ಹೊತ್ತಿಗೆ ಅನಿಲಕ್ಕೋ ವಿದ್ಯುತ್ತಿಗೋ ಬದಲಾಗಲು ಷರತ್ತು ಹಾಕಬಹುದು. ದಿಲ್ಲಿ ರಾಜಧಾನಿ ಪ್ರದೇಶದಲ್ಲಿ 2023ರ ಜನವರಿ 1ರಿಂದ ಉದ್ದಿಮೆಗಳಲ್ಲಿ ಕಲ್ಲಿದ್ದಲು ಬಳಕೆ ನಿಂತಿದೆ. ಚಿತೆಯ ವಿಷಯದಲ್ಲಿ ವಿದ್ಯುತ್ ಅಥವಾ ಅನಿಲ ಚಿತಾಗಾರ ಕಟ್ಟಿ, ಕೆಡದಂತೆ ನೋಡಿಕೊಂಡು, ಶುಲ್ಕ ಕಡಿಮೆ ಇಟ್ಟು ಆಯ್ಕೆಯನ್ನು ಜನಕ್ಕೆ ಬಿಡುವುದೇ ರೂಢಿ. ಶ್ರದ್ಧೆಯ ಮೇಲೆ ದಂಡ ಹಾಕಲು ಹೊರಟ ಪಾಲಿಕೆ ಸೋಲುತ್ತದೆ.

ಪತ್ತೆ, ಅಳತೆ, ಗಡಿ

ಹಿಂದೆ ಹೊಗೆಯ ಇನ್ಸ್‌ಪೆಕ್ಟರ್ ರಿಂಗೆಲ್‌ಮನ್ ಪಟ ಹಿಡಿದು ನಿಲ್ಲುತ್ತಿದ್ದ. ಬಿಳಿ ಹಲಗೆಯ ಮೇಲೆ ಬೇರೆ ಬೇರೆ ದಪ್ಪದ ಕಪ್ಪು ಗೆರೆಗಳ ಜಾಲ. ದೂರದಿಂದ ಅವು ಬೂದುಬಣ್ಣದ ಹಂತಗಳಾಗಿ ಕಾಣುತ್ತವೆ, ಚಿಮಣಿಯ ಹೊಗೆ ಯಾವ ಹಂತಕ್ಕೆ ಹೊಂದುತ್ತದೆಂದು ಕಣ್ಣಳತೆಯಲ್ಲೇ ಹೇಳುವುದು. ಈಗಿನ ಉಪಗ್ರಹಗಳು ಹೊಲದ ಬೆಂಕಿಯನ್ನು ಎಣಿಸುತ್ತವೆ. ಆದರೆ ಈ ಎಣಿಕೆಗೆ ಹೆಚ್ಚಾಗಿ ಬಳಸುವ ಉಪಗ್ರಹಗಳು ಉತ್ತರ ಭಾರತದ ಮೇಲೆ ಹಾದುಹೋಗುವುದು ಮಧ್ಯಾಹ್ನ ಸುಮಾರು ಒಂದೂವರೆಗೆ. ಸಂಜೆ ಹಚ್ಚಿದ ಬೆಂಕಿ ಲೆಕ್ಕಕ್ಕೆ ಸಿಗುವುದಿಲ್ಲ. ಬೆಂಕಿಯ ಸಂಖ್ಯೆ ಇಳಿದರೂ ಹೊಗೆ ಅಷ್ಟೇ ಇಳಿಯದಿರುವುದಕ್ಕೆ ಇದೂ ಒಂದು ಕಾರಣವೆಂದು 2024ರಲ್ಲಿ ತಜ್ಞರು ತೋರಿಸಿದರು. ಬೀದಿಯ ಎಲೆಗುಡ್ಡೆಯಂತೂ ಯಾವ ಉಪಗ್ರಹಕ್ಕೂ ಕಾಣದಷ್ಟು ಚಿಕ್ಕದು. ಅಲ್ಲಿ ಉಪಯೋಗಕ್ಕೆ ಬರುವುದು ನಾಗರಿಕರ ಫೋನಿನ ದೂರು, ವಾರ್ಡ್ ಮಾರ್ಷಲ್, ಅಗ್ಗದ ಸಂವೇದಕಗಳು. ಮಾಪನ ಕೇಂದ್ರಗಳನ್ನು ಮುಖ್ಯರಸ್ತೆಯಲ್ಲಷ್ಟೇ ಇಟ್ಟ ಊರಿನಲ್ಲಿ ಸುಡುವಿಕೆಯ ಪಾಲು ಎಷ್ಟೆಂದು ತಿಳಿಯುವುದಿಲ್ಲ, ವಾಹನದ ಹೊಗೆ ಉಳಿದದ್ದನ್ನು ಮುಚ್ಚಿಹಾಕುತ್ತದೆ. ಎಷ್ಟು ದಂಡ ವಸೂಲಾಯಿತು ಎಂಬ ವರದಿ ಪಾಲಿಕೆಗೆ ಬರೆಯಲು ಸುಲಭ. ಎಲೆ ಉದುರುವ ಕಾಲದಲ್ಲಿ ಎಷ್ಟು ಲೋಡು ಎಲೆ ಗೊಬ್ಬರದ ಘಟಕಕ್ಕೆ ಹೋಯಿತು ಎಂಬ ಲೆಕ್ಕ ಅದಕ್ಕಿಂತ ಹೆಚ್ಚು ಹೇಳುತ್ತದೆ.

ಗಡಿಯ ತೊಡಕು ಕೊನೆಗೂ ಉಳಿಯುತ್ತದೆ. ಕ್ರಾಕೋವ್ ನಗರದೊಳಗೆ ಕಲ್ಲಿದ್ದಲ ಒಲೆಗಳು ನಿಂತರೂ ಸುತ್ತಲಿನ ಸಣ್ಣ ಪಟ್ಟಣಗಳಲ್ಲಿ ಅವು ಉರಿಯುತ್ತಿದ್ದವು. ಗಾಳಿ ಬೀಸಿದ ದಿಕ್ಕಿಗೆ ಹೊಗೆ ಒಳಗೆ ಬರುತ್ತಲೇ ಇತ್ತು. ದಿಲ್ಲಿಯ ಸುತ್ತಲ ರಾಜ್ಯಗಳನ್ನೆಲ್ಲ ಒಂದೇ ಆಯೋಗದಡಿ ತಂದ 2021ರ ಕಾಯಿದೆ ಇದೇ ತೊಡಕಿಗೆ ಹುಡುಕಿದ ಉತ್ತರ. ಬೆಂಗಳೂರಿನಲ್ಲಿ 2025ರಲ್ಲಿ ಒಂದು ಪಾಲಿಕೆ ಐದಾಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಗೆ ಬಂತು. ಎರಡು ಪಾಲಿಕೆಗಳ ಗಡಿಯಲ್ಲಿರುವ ರಸ್ತೆಯ ಎಲೆಯನ್ನು ಯಾರ ಗಾಡಿ ಎತ್ತಬೇಕು ಎಂಬುದು ಇಂಥ ಕಡೆ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ.